ಏಳೆಂಬ ಎಣಿಕೆ

ವಾರದ ಆರು ದಿವಸವೂ ಲೇತು, ಪ್ರೆಸ್ಸುಗಳ ಸದ್ದಿನಿಂದ ತುಂಬಿರುವ ಪೀಣ್ಯ ಎರಡನೆಯ ಹಂತದ ಒಂದು ಅಡ್ಡರಸ್ತೆ ಭಾನುವಾರದ ಅಪರಾಹ್ನದಲ್ಲಿ ನಿಶ್ಶಬ್ದವಾಗಿತ್ತು. ಆಯುಷ್ಯದ ಬಹುಭಾಗವನ್ನು ಟೂಲ್‌ರೂಮಿನಲ್ಲಿ ಕಳೆದು, ನಿವೃತ್ತಿಯ ತರುವಾಯ ಅಲ್ಲಿಯೇ ಸಣ್ಣದೊಂದು ವರ್ಕ್‌ಷಾಪನ್ನು ನಡೆಸುತ್ತ, ಬಿಡುವು ದೊರೆತಾಗ ಹಳಗನ್ನಡ ಕಾವ್ಯಗಳನ್ನೂ ಶಾಸನಸಂಪುಟಗಳನ್ನೂ ಓದುವ ಹವ್ಯಾಸವುಳ್ಳ ಹಿರಿಯರೊಬ್ಬರು ಮಿಲ್ಲಿಂಗ್ ಯಂತ್ರದ ಮುಂದೆ ನಿಂತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಯೊಂದರಲ್ಲಿ ಗಣಕಜಾಲಗಳ ಕೆಲಸದಲ್ಲಿರುವ ಅವರ ತಂಗಿಯ ಮಗಳು ಪಕ್ಕದಲ್ಲಿ ಸ್ಟೂಲೊಂದನ್ನು ಎಳೆದುಕೊಂಡು ಕುಳಿತಿದ್ದಳು. ಏಳು ಹಲ್ಲಿನ ಚಕ್ರವೊಂದನ್ನು ಕತ್ತರಿಸಬೇಕಾಗಿದ್ದುದೇ ಮುಂದಿನ ಮಾತಿಗೆ ನಿಮಿತ್ತವಾಯಿತು.

ಕಿರಿಯಳು: ಎಂಟು ಹಲ್ಲಿನ ಚಕ್ರವನ್ನು ಇಷ್ಟು ಲೆಕ್ಕ ಹಾಕದೆಯೇ ಮುಗಿಸಿದಿರಿ. ಏಳಕ್ಕೆ ಮಾತ್ರ ಏಕೆ ಇಷ್ಟು ಸಿದ್ಧತೆ, ಮಾವ?

ಹಿರಿಯರು: ಈ ಡಿವೈಡಿಂಗ್ ಹೆಡ್ಡಿನ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಒಳಗಿನ ಸ್ಪಿಂಡಲ್ಲು ಒಂದು ಸುತ್ತು ತಿರುಗುತ್ತದೆ. ನಲವತ್ತನ್ನು ಎಂಟರಿಂದ ಭಾಗಿಸಿದರೆ ಐದು. ಒಂದೊಂದು ಹಲ್ಲಿಗೂ ಪೂರ್ತಿ ಐದು ಸುತ್ತು ತಿರುಗಿಸಿದರಾಯಿತು. ಐದು ಹಲ್ಲಾದರೆ ಎಂಟು ಸುತ್ತು, ಹತ್ತಾದರೆ ನಾಲ್ಕು. ಏಳರಿಂದ ಭಾಗಿಸಿದಾಗಲಾದರೋ ಐದು ಸುತ್ತು ಮುಗಿದ ಮೇಲೂ ಒಂದು ಸುತ್ತಿನ ಏಳು ಪಾಲಿನಲ್ಲಿ ಐದು ಪಾಲು ಉಳಿದುಬಿಡುತ್ತದೆ. ಅದನ್ನು ಅಳೆಯುವುದಕ್ಕಾಗಿಯೇ ರಂಧ್ರಗಳ ವೃತ್ತಗಳುಳ್ಳ ಈ ಇಂಡೆಕ್ಸ್ ಪ್ಲೇಟು. ಮೂರು ಪ್ಲೇಟುಗಳಲ್ಲಿ ಒಟ್ಟು 18 ವೃತ್ತಗಳಿವೆ. ಮೂರರಿಂದ ಭಾಗವಾಗುವ ವೃತ್ತಗಳು ಅವುಗಳಲ್ಲಿ ಆರು, ಏಳರಿಂದ ಭಾಗವಾಗತಕ್ಕವು 21ರದು ಮತ್ತು 49ರದು, ಎರಡೇ ಎರಡು. ಐದು ಸುತ್ತು ತಿರುಗಿಸಿ, 21ರ ವೃತ್ತದಲ್ಲಿ 15 ರಂಧ್ರ ಮುಂದೆ ಸರಿದು, ಪಿನ್ನನ್ನು ಇಳಿಸಬೇಕು; ನಡುವೆ ಎಲ್ಲಿಯಾದರೂ ಒಂದು ರಂಧ್ರ ತಪ್ಪಿತೋ, ಕೊನೆಯ ಹಲ್ಲು ದಪ್ಪವೋ ಸಣ್ಣವೋ ಆಗಿ ತಪ್ಪನ್ನು ಸಾರುತ್ತದೆ.

ಕಿರಿಯಳು: ಕೋನದ ಲೆಕ್ಕದಿಂದ ಹೋದರೆ?

ಹಿರಿಯರು: 360ನ್ನು ಏಳರಿಂದ ಭಾಗಿಸಿ ನೋಡು, 51ರ ಮುಂದೆ 428571 ಎಂಬ ಆರು ಅಂಕಿಗಳು ಕೊನೆಯಿಲ್ಲದೆ ಮರಳಿ ಮರಳಿ ಬರುತ್ತವೆ. ಅಳತೆಯ ಗುರುತಿಲ್ಲದ ಪಟ್ಟಿ, ಕೈವಾರ ಇವೆರಡರಿಂದಲೇ ಸಮನಾದ ಏಳು ಭುಜಗಳ ಆಕೃತಿಯನ್ನು ರಚಿಸುವುದು ಅಸಾಧ್ಯವೆಂಬುದು 19ನೆಯ ಶತಮಾನದಲ್ಲಿ ಗಣಿತದಿಂದ ಸಿದ್ಧಪಟ್ಟ ವಿಷಯ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳಲ್ಲಿ ಎರಡು, ಮೂರು, ಐದು ಇವು ಗುಣಿಸಿಕೊಂಡು ಬೇರೆಯವನ್ನು ಹುಟ್ಟಿಸುತ್ತವೆ. ನಾಲ್ಕು, ಆರು, ಎಂಟು, ಒಂಬತ್ತು, ಹತ್ತು ಬೇರೆಯವುಗಳಿಂದ ಹುಟ್ಟುತ್ತವೆ. ಏಳು ಮಾತ್ರ ಆ ಬಳಗದಲ್ಲಿ ಯಾರ ತಾಯಿಯೂ ಅಲ್ಲ, ಯಾರ ಮಗುವೂ ಅಲ್ಲ. ಗ್ರೀಸಿನ ಪೈಥಾಗೊರಸನ ಅನುಯಾಯಿಗಳು ಇದನ್ನು ಗಮನಿಸಿ, ತಾಯಿಯಿಲ್ಲದೆ ಜನಿಸಿ ಕನ್ನೆಯಾಗಿಯೇ ಉಳಿದ ಅಥೀನಾ ದೇವಿಗೆ ಈ ಸಂಖ್ಯೆಯನ್ನು ಮೀಸಲಿಟ್ಟರು.

ಕಿರಿಯಳು: ಇದರಿಂದ ಏಳಕ್ಕೆ ಒಂದು ಗಾಂಭೀರ್ಯ ಬಂತೆಂದು ಒಪ್ಪುತ್ತೇನೆ, ಆದರೆ ಜನರ ಒಲವಿಗೆ ಇದು ಕಾರಣವಾಗಲಾರದು. ಹನ್ನೊಂದೂ ಹದಿಮೂರೂ ಇಷ್ಟೇ ಹಟಮಾರಿ ಸಂಖ್ಯೆಗಳು. ಹನ್ನೊಂದು ಸ್ವರ, ಹದಿಮೂರು ಹೆಜ್ಜೆಯ ಮದುವೆ, ಹನ್ನೊಂದು ಸುತ್ತಿನ ಕೋಟೆ ಎಂದು ಯಾರೂ ಹಾಡಲಿಲ್ಲ.

ಹಿರಿಯರು: ಸರಿಯಾದ ಆಕ್ಷೇಪ. ಹಾಗಾದರೆ ಗಣಿತವನ್ನು ಬಿಟ್ಟು ವಸ್ತುವಿಗೆ ಬರೋಣ. ಆ ಬೆಂಚಿನ ಮೇಲಿರುವ ತುಂಡನ್ನು ಎತ್ತಿಕೊಂಡು ಅದರ ತುದಿಯನ್ನು ನೋಡು.

ಕಿರಿಯಳು: ಉಕ್ಕಿನ ಹಗ್ಗದ ತುಂಡು. ನಡುವೆ ಒಂದು ತಂತಿ, ಅದನ್ನು ಸುತ್ತಿಕೊಂಡು ಆರು. ನಡುವಿನದು ಉಳಿದವುಗಳಿಗಿಂತ ಕೂದಲಿನಷ್ಟು ದಪ್ಪನಾಗಿರುವಂತೆ ಕಾಣುತ್ತದೆ.

ಹಿರಿಯರು: ದಪ್ಪನಾಗಿಯೇ ಇದೆ, ಹೊರಗಿನ ಆರು ತಂತಿಗಳು ಒಂದನ್ನೊಂದು ಒತ್ತದೆ ನಡುವಿನದನ್ನು ಬಿಗಿಯಾಗಿ ಅಪ್ಪಿಕೊಳ್ಳಲೆಂದು ಹಾಗೆ ಮಾಡುತ್ತಾರೆ. ಕಾಂಕ್ರೀಟನ್ನು ಬಿಗಿದು ಹಿಡಿಯುವ ಸ್ಟ್ರ್ಯಾಂಡು ಇದು; ಭಾರತೀಯ ಮಾನಕದಲ್ಲಿ ಇದರ ಹೆಸರೇ ಏಳೆಳೆಯದೆಂದು. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರಲ್ಲಿ ನಿಮ್ಮ ಎಲೆಕ್ಟ್ರಾನಿಕ್ ಸಿಟಿಗೆ ಬಂದ ಮೆಟ್ರೋ ರೈಲು ಯಾವ ಮೇಲ್ಸೇತುವೆಯ ಮೇಲೆ ಓಡುತ್ತಿದೆಯೋ ಅದರ ತೊಲೆಗಳೊಳಗೆ ಇಂಥ ಏಳೆಳೆಯ ಉಕ್ಕು ಕಣ್ಣಿಗೆ ಬೀಳದಂತೆ ಸೆಳೆದು ನಿಂತಿದೆ. ಇಲ್ಲಿ ಏಳನ್ನು ಯಾರೂ ಆರಿಸಲಿಲ್ಲ. ಒಂದು ವೃತ್ತದ ಸುತ್ತ ಅದೇ ಗಾತ್ರದ ಆರು ವೃತ್ತಗಳು ಸಂದಿಲ್ಲದಂತೆ ಕೂಡುತ್ತವೆ. ಐದಾದರೆ ಬಿರುಕು, ಏಳಾದರೆ ಇಕ್ಕಟ್ಟು. ಜೇನುಹುಳುವಿನ ಗೂಡಿನಲ್ಲಿಯೂ ಒಂದು ಕೋಣೆಗೆ ನೆರೆಯವು ಆರೇ.

ಕಿರಿಯಳು: ನಮ್ಮ ಕಡೆಯದೊಂದನ್ನು ಇದಕ್ಕೆ ಸೇರಿಸಬಹುದು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಲಿಫ್ಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಬೆಳಗುವ ಅಂಕಿಗಳು ಏಳು ಗೆರೆಗಳಿಂದ ಆದವು. ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟರೆ ಬರುವ ಅಂಚುಗಳ ಸಂಖ್ಯೆ ಏಳು. ಏಳೂ ಬೆಳಗಿದರೆ ಎಂಟು; ಏಳನ್ನು ತೋರಿಸಲು ಮೂರೇ ಗೆರೆ ಸಾಕು. ಆದರೆ ಮಾವ, ಇಂಥ ಏಳುಗಳು ಹೊಸವು. ತಕ್ಕಡಿಯೂ ಸ್ಟ್ರ್ಯಾಂಡೂ ಇಲ್ಲದ ಕಾಲದಲ್ಲಿ ಮನುಷ್ಯನಿಗೆ ಏಳನ್ನು ಕಲಿಸಿದ್ದು ಆಕಾಶವಲ್ಲವೆ? ಸೂರ್ಯ, ಚಂದ್ರ ಮತ್ತು ಬರಿಗಣ್ಣಿಗೆ ಕಾಣುವ ಐದು ಗ್ರಹಗಳು. ಅವುಗಳಿಂದ ಏಳು ವಾರಗಳು. ಇದಕ್ಕಿಂತ ಬೇರೆ ಮೂಲವನ್ನು ಏಕೆ ಹುಡುಕಬೇಕು?

ಹಿರಿಯರು: ವಾರಗಳ ಲೆಕ್ಕ ಚೆಲುವಾದದ್ದು, ಹೇಳುತ್ತೇನೆ. ಆಕಾಶದಲ್ಲಿ ನಿಧಾನವಾಗಿ ಸಾಗುವವನಿಂದ ಹಿಡಿದು ವೇಗವಾಗಿ ಸಾಗುವವನವರೆಗೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಸಾಲಾಗಿ ನಿಲ್ಲಿಸಿ, ದಿನದ 24 ಹೋರೆಗಳಿಗೂ ಇವರನ್ನೇ ಒಬ್ಬರಾದ ಮೇಲೊಬ್ಬರಂತೆ ಅಧಿಪತಿಗಳಾಗಿ ಮಾಡಿದರು. ಮೂರು ಸಲ ಏಳು 21. ಮಿಕ್ಕದ್ದು ಮೂರು ಹೋರೆ. ಆದುದರಿಂದ ಮರುದಿನದ ಮೊದಲ ಹೋರೆ ಮೂವರನ್ನು ದಾಟಿ ನಿಂತವನದಾಗುತ್ತದೆ: ಶನಿಯಿಂದ ರವಿ, ರವಿಯಿಂದ ಚಂದ್ರ, ಚಂದ್ರನಿಂದ ಕುಜ. ನಮ್ಮ ಶನಿವಾರ, ಭಾನುವಾರ, ಸೋಮವಾರ, ಮಂಗಳವಾರಗಳ ಕ್ರಮ ಹುಟ್ಟಿದ್ದು ಹೀಗೆ. ಈ ಏರ್ಪಾಡು ಎಷ್ಟು ಗಟ್ಟಿಯೆಂದರೆ, ಕ್ರಾಂತಿಯ ಕಾಲದ ಫ್ರಾನ್ಸ್ 1793ರಲ್ಲಿ ಹತ್ತು ದಿನಗಳ ವಾರವನ್ನು ತಂದು ಕೆಲವೇ ವರ್ಷಗಳಲ್ಲಿ ಬಿಟ್ಟುಕೊಟ್ಟಿತು. ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ ವಾರವನ್ನೂ ಆಮೇಲೆ ಆರು ದಿನದ್ದನ್ನೂ ಹೇರಿ ನೋಡಿ 1940ರಲ್ಲಿ ಏಳಕ್ಕೇ ಮರಳಿತು.

ಆದರೂ ನಿನ್ನ ವಾದ ನಿಲ್ಲುವುದಿಲ್ಲ, ತಾಯಿ. ವಾರದ ಹೆಸರನ್ನು ಹೇಳುವ ಭಾರತದ ಅತ್ಯಂತ ಹಳೆಯ ಶಾಸನಗಳಲ್ಲೊಂದು ಮಧ್ಯಪ್ರದೇಶದ ಏರಣದಲ್ಲಿದೆ. ಬುಧಗುಪ್ತನ ಕಾಲದ್ದು, ಕ್ರಿ.ಶ. 484ರದು, ಗುರುವಾರವೆಂದು ಹೇಳುತ್ತದೆ. ವೈದಿಕ ಯಜ್ಞಗಳಲ್ಲಿ ದಿನಗಳನ್ನು ಕಟ್ಟುತ್ತಿದ್ದುದು ಷಡಹವೆಂಬ ಆರು ದಿನಗಳ ಕಂತೆಯಾಗಿ. ಅಂಥ ಕಾಲದಲ್ಲಿಯೇ ಋಗ್ವೇದ ಸಪ್ತಸಿಂಧುಗಳನ್ನು ಕೊಂಡಾಡಿತ್ತು. ವಾರ ಬರುವುದಕ್ಕೆ ಸಾವಿರಕ್ಕೂ ಮಿಕ್ಕ ವರ್ಷ ಮುಂಚೆಯೇ ಏಳರ ಒಲವು ಈ ನೆಲದಲ್ಲಿ ಬೇರೂರಿತ್ತೆಂದ ಮೇಲೆ, ವಾರವೇ ಅದರ ತಾಯಿಯೆಂದು ಹೇಗೆ ಹೇಳುವುದು?

ಕಿರಿಯಳು: ವಾರವಲ್ಲದಿದ್ದರೆ ನಕ್ಷತ್ರಗಳು. ಸಪ್ತರ್ಷಿಗಳು ಪ್ರಾಚೀನರು.

ಹಿರಿಯರು: ಒಳ್ಳೆಯ ಮಾತು ಎತ್ತಿದೆ. ನಿನ್ನ ಮದುವೆಯಲ್ಲಿ ಪುರೋಹಿತರು ಮಂಟಪದಿಂದ ಹೊರಗೆ ಕರೆತಂದು ಏನನ್ನು ತೋರಿಸಿದರು?

ಕಿರಿಯಳು: ಅರುಂಧತಿಯನ್ನು. ಹಗಲು ಮುಹೂರ್ತವಾದ್ದರಿಂದ ಬೆರಳು ತೋರಿದ ಕಡೆ ನೋಡಿ ನಮಸ್ಕರಿಸಿದೆವು.

ಹಿರಿಯರು: ವಸಿಷ್ಠನ ಪಕ್ಕದಲ್ಲಿಯೇ ಅಂಟಿಕೊಂಡಂತಿರುವ ಆ ತಾರೆ ಒಳ್ಳೆಯ ಕಣ್ಣುಳ್ಳವರಿಗೆಲ್ಲ ಕಾಣುತ್ತದೆ. ಎಂದರೆ ಆ ಮಂಡಲದಲ್ಲಿ ಎಂಟು ತಾರೆಗಳುಂಟೆಂದು ನಮ್ಮ ಪೂರ್ವಿಕರಿಗೆ ಗೊತ್ತಿತ್ತು. ಎಂಟನೆಯವಳಿಗೆ ಹೆಸರಿಟ್ಟು, ಗೌರವ ಕೊಟ್ಟು, ಪ್ರತಿಯೊಬ್ಬ ವಧುವಿಗೂ ಅವಳನ್ನು ಆದರ್ಶವೆಂದು ತೋರಿಸಿದರು. ಮಂಡಲದ ಹೆಸರು ಮಾತ್ರ ಸಪ್ತರ್ಷಿಯೆಂದೇ ಉಳಿಯಿತು. ಈಗ ಕೃತ್ತಿಕೆಯ ಕಡೆಗೆ ನೋಡು. ಸಾಮಾನ್ಯವಾದ ಕಣ್ಣಿಗೆ ಅಲ್ಲಿ ಆರು ತಾರೆಗಳು ಕಾಣುತ್ತವೆ. ಷಣ್ಮುಖನಿಗೆ ಹಾಲೂಡಿದ ತಾಯಂದಿರು ಆರು ಮಂದಿಯೆಂದು ಪುರಾಣವೂ ಹೇಳುತ್ತದೆ. ಆದರೆ ತೈತ್ತಿರೀಯ ಸಂಹಿತೆ ಕೃತ್ತಿಕೆಯರಿಗೆ ಏಳು ಹೆಸರು ಕೊಡುತ್ತದೆ. ಗ್ರೀಕರೂ ಏಳು ಮಂದಿ ಸೋದರಿಯರೆಂದು ಕರೆದು, ಏಳನೆಯವಳು ಕಾಣದಿರುವುದೇಕೆಂದು ಕಥೆ ಕಟ್ಟಿದರು. ಒಂದು ಕಡೆ ಎಂಟು ಕಂಡರೂ ಏಳು. ಇನ್ನೊಂದು ಕಡೆ ಆರು ಕಂಡರೂ ಏಳು. ಆಕಾಶವೇ ಕಲಿಸಿದ್ದಾದರೆ ಇವೆರಡೂ ಹೀಗಾಗುತ್ತಿರಲಿಲ್ಲ. ಏಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮನುಷ್ಯ ತಲೆಯೆತ್ತಿ ನೋಡಿದನೆಂದು ನನ್ನ ಬುದ್ಧಿಗೆ ತೋರುತ್ತದೆ: ಎಣಿಕೆ ಮೊದಲು, ಹೆಸರುಗಳು ಆಮೇಲೆ.

ಕಿರಿಯಳು: ನ್ಯೂಟನ್ ಕೂಡ ಹೀಗೆಯೇ ಮಾಡಿದನಂತೆ. ಪಟ್ಟಕದಿಂದ ಒಡೆದುಬಂದ ಬೆಳಕಿನಲ್ಲಿ ಮೊದಲು ಐದು ಬಣ್ಣಗಳನ್ನು ಹೆಸರಿಸಿ, ಸಂಗೀತದ ಸ್ವರಗಳಿಗೆ ಸರಿಹೊಂದಲೆಂದು ಕಿತ್ತಳೆಯನ್ನೂ ಇಂಡಿಗೋವನ್ನೂ ಸೇರಿಸಿ ಏಳು ಮಾಡಿದನೆಂದು ಓದಿದ್ದೇನೆ.

ಹಿರಿಯರು: ಸ್ವರಗಳಾದರೂ ಏಳೇ ಎಂದು ಹೇಳುವುದು ಹೇಗೆ? ನಮ್ಮ ಪದ್ಧತಿಯಲ್ಲಿ ಸ್ವರಸ್ಥಾನಗಳು 12, ಅವುಗಳಿಗೆ ಸಲ್ಲುವ ಹೆಸರುಗಳು 16, ಶ್ರುತಿಗಳು 22. ಇಷ್ಟರ ಮೇಲೆ ಏಳು ಅಕ್ಷರಗಳ ಒಂದು ಹೊದಿಕೆಯನ್ನು ಹಾಸಿದ್ದೇವೆ. ಪುರಂದರದಾಸರ ಪರಂಪರೆಯಲ್ಲಿ ಮಕ್ಕಳು ಮೊದಲು ಅಭ್ಯಾಸ ಮಾಡುವ ಅಲಂಕಾರಗಳ ತಾಳಗಳೂ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ಏಳೇ. ಅದು ಕಲಿಕೆಗೆ ಅನುಕೂಲವಾದ ವ್ಯವಸ್ಥೆ. ನಾನು ಅದನ್ನು ದೂರುತ್ತಿಲ್ಲ.

ಕಾರ್ಖಾನೆಯಲ್ಲಿ ಇದನ್ನೇ ಬೇರೆ ವೇಷದಲ್ಲಿ ಕಂಡಿದ್ದೇನೆ. ಗುಣನಿಯಂತ್ರಣಕ್ಕೆ ಜಪಾನಿನ ಇಷಿಕಾವಾ ಪ್ರಚಾರಕ್ಕೆ ತಂದ ಏಳು ಉಪಕರಣಗಳನ್ನು ಪೀಣ್ಯದ ಎಷ್ಟೋ ಕಾರ್ಖಾನೆಗಳ ಗೋಡೆಯ ಮೇಲೆ ನೋಡಬಹುದು: ಚೆಕ್ ಶೀಟು, ಪ್ಯಾರೆಟೋ ಚಿತ್ರ, ಮೀನುಮುಳ್ಳಿನ ಚಿತ್ರ, ಹಿಸ್ಟೋಗ್ರಾಮು, ಸ್ಕ್ಯಾಟರು, ಕಂಟ್ರೋಲ್ ಚಾರ್ಟು. ಆರಾಯಿತಷ್ಟೆ. ಏಳನೆಯದು ಯಾವುದೆಂಬಲ್ಲಿ ಗೋಡೆಗೆ ಗೋಡೆಗೆ ಭೇದ. ಒಂದು ಕಡೆ ಸ್ಟ್ರಾಟಿಫಿಕೇಷನ್ನು, ಇನ್ನೊಂದು ಕಡೆ ಫ್ಲೋ ಚಾರ್ಟು. ಸದಸ್ಯರು ಬದಲಾಗುತ್ತಾರೆ, ಸಂಖ್ಯೆ ಬದಲಾಗುವುದಿಲ್ಲ. ಟೊಯೋಟಾದ ಓನೋ ಹೇಳಿದ ಏಳು ಅಪವ್ಯಯಗಳ ವಿಷಯವೂ ಜ್ಞಾಪಿಸಿಕೊಳ್ಳತಕ್ಕದ್ದು. ಕೆಲಸಗಾರನ ಬುದ್ಧಿಯನ್ನು ಬಳಸಿಕೊಳ್ಳದಿರುವುದೇ ಎಂಟನೆಯ ಅಪವ್ಯಯವೆಂದು ಆಮೇಲಿನವರು ಸೇರಿಸಿದರು, ಸೇರಿಸಿದ್ದು ನ್ಯಾಯವಾಗಿತ್ತು. ಎಲ್ಲರ ಬಾಯಲ್ಲಿ ಇನ್ನೂ ಏಳೇ.

ಕಿರಿಯಳು: ನಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗರೆಲ್ಲ ಸಂದರ್ಶನಕ್ಕೆ ಮುನ್ನ ಜಾಲದ ಏಳು ಪದರಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. 1984ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸಿದ ಮಾದರಿ ಅದು. ನಾವು ದಿನವೂ ದುಡಿಯುವ ಇಂಟರ್‌ನೆಟ್ಟಿಗೆ ನಾಲ್ಕು ಪದರಗಳ ವಿವರಣೆ ಸಾಕು. ಐದನೆಯ, ಆರನೆಯ ಪದರಗಳನ್ನು ಪ್ರತ್ಯೇಕವಾಗಿ ತೋರಿಸು ಎಂದರೆ ಅನುಭವಸ್ಥರೂ ತಡವರಿಸುತ್ತಾರೆ. ಆದರೂ ತೊಂದರೆಯನ್ನು ಹುಡುಕುವಾಗ ಎರಡನೆಯ ಪದರದ್ದೋ ಮೂರನೆಯದೋ ಏಳನೆಯದೋ ಎಂದೇ ಮಾತಾಡುತ್ತೇವೆ. ತಂತಿ, ವಿಳಾಸ, ತಂತ್ರಾಂಶ ಎಲ್ಲವನ್ನೂ ಒಂದೇ ಏಣಿಯಲ್ಲಿ ನಿಲ್ಲಿಸಿ ನೋಡುವುದಕ್ಕೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇದಕ್ಕೆ ಕಾರಣ ಮನಶ್ಶಾಸ್ತ್ರದಲ್ಲಿದೆಯೆಂದು ನನ್ನ ನಂಬಿಕೆ. ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಖ್ಯಾತವಾದ ಲೇಖನದಲ್ಲಿ, ಒಮ್ಮೆ ಕೇಳಿದ್ದನ್ನು ಮನಸ್ಸು ಹಿಡಿದಿಟ್ಟುಕೊಳ್ಳುವ ಮಿತಿ ಸುಮಾರು ಏಳು, ಹೆಚ್ಚು ಕಡಮೆ ಎರಡು ಎಂದು ತೋರಿಸಿದ.

ಹಿರಿಯರು: ಬೆಂಗಳೂರಿನ ಟೆಲಿಫೋನ್ ಸಂಖ್ಯೆಗಳು ಏಳಂಕಿಯವಾಗಿದ್ದಾಗ ನನಗೆ ಎಷ್ಟೋ ಬಾಯಿಗೆ ಬರುತ್ತಿದ್ದುವು, ಮೊದಲಿಗೆ 2 ಎಂಬ ಅಂಕಿಯನ್ನು ಸೇರಿಸಿ ಎಂಟಂಕಿ ಮಾಡಿದ ಮೇಲೂ ಆ ಏಳನ್ನೇ ನೆನಪಿಟ್ಟುಕೊಂಡೆ. ಮಿಲ್ಲರನ ಮಾತಿನಲ್ಲಿ ಹುರುಳಿದೆ. ಆತ ಸಪ್ತಸಾಗರ, ಸಪ್ತಾಶ್ಚರ್ಯ ಮುಂತಾದವುಗಳಿಗೂ ತನ್ನ ಶೋಧಕ್ಕೂ ಸಂಬಂಧವಿದೆಯೆಂದನೆ?

ಕಿರಿಯಳು: ಇಲ್ಲ. ಲೇಖನದ ಕೊನೆಯಲ್ಲಿ ಅವನ್ನೆಲ್ಲ ಎಣಿಸಿ, ಇದು ಬರಿಯ ಕಾಕತಾಳೀಯವಿರಬಹುದೆಂದು ಶಂಕಿಸಿ ಬಿಟ್ಟ. 2001ರಲ್ಲಿ ನೆಲ್ಸನ್ ಕೋವನ್ ಎಂಬ ವಿದ್ವಾಂಸ, ಒಳಗೊಳಗೇ ಉಚ್ಚರಿಸಿಕೊಳ್ಳುವುದಕ್ಕೂ ಗುಂಪು ಮಾಡಿಕೊಳ್ಳುವುದಕ್ಕೂ ಅವಕಾಶವಿಲ್ಲದಂತೆ ಮಾಡಿದರೆ ಆ ಮಿತಿ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆಂದು ವಾದಿಸಿದ.

ಹಿರಿಯರು: ಹಾಗಾದರೆ ನನ್ನ ಊಹೆಗೆ ನೀನೇ ಆಧಾರ ಕೊಟ್ಟೆ. ಮೂರು ನಾಲ್ಕು ವಸ್ತುಗಳನ್ನು ಕಣ್ಣು ಎಣಿಸದೆಯೇ ಗ್ರಹಿಸುತ್ತದೆ. ಐದಕ್ಕೆ ಕೈಯ ಬೆರಳುಗಳಿವೆ. ಏಳಕ್ಕೆ ಕಣ್ಣೂ ಸಾಲದು, ಒಂದು ಕೈಯೂ ಸಾಲದು, ನಾಲಗೆಯೇ ಬೇಕು. ಭಾನುವಾರದಿಂದ ಶನಿವಾರದವರೆಗೆ ಮಗು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದನ್ನು ಕೇಳಿಲ್ಲವೆ? ಅದು ಎಣಿಸುವುದಿಲ್ಲ, ಹಾಡುತ್ತದೆ. ಒಂದು ನೋಟಕ್ಕೆ ಮೀರಿದ್ದು, ಒಂದು ಉಸಿರಿಗೆ ನಿಲುಕುವುದು. ಬಹುವೆನ್ನಿಸುವಷ್ಟು ದೊಡ್ಡದು, ಪೂರ್ತಿಯೆನ್ನಿಸುವಷ್ಟು ಚಿಕ್ಕದು. ಹತ್ತು, ಹನ್ನೆರಡು ಲೆಕ್ಕದವನ ಸಂಖ್ಯೆಗಳು; ಅವನ್ನು ಒಡೆದು ಪಾಲು ಹಂಚಬಹುದು. ಏಳು ಒಡೆಯುವುದಿಲ್ಲ. ಯಾವ ಹಟಮಾರಿತನದಿಂದ ಅದು ಈ ಯಂತ್ರಕ್ಕೆ ಒಗ್ಗದೋ ಅದೇ ಗುಣದಿಂದ ಮನಸ್ಸಿಗೆ ಅಖಂಡವಾಗಿ ಕಾಣುತ್ತದೆ. ಹನ್ನೊಂದಕ್ಕೂ ಆ ಗುಣವಿದೆಯೆಂದು ನೀನು ಆಕ್ಷೇಪಿಸಿದ್ದೆ. ಹನ್ನೊಂದು ಉಸಿರಿಗೆ ಉದ್ದವಾಯಿತು.

ಕಿರಿಯಳು: ಏಳು ಕೆರೆಯ ನೀರು ಕುಡಿದವನು ಎಂದು ಅಜ್ಜಿ ಹೇಳುತ್ತಿದ್ದಾಗ ಕೆರೆಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಹಿರಿಯರು: ಏಳು ಸಮುದ್ರದಾಚೆ, ಏಳೇಳು ಜನ್ಮಕ್ಕೂ, ಚಿತ್ರದುರ್ಗದ ಏಳು ಸುತ್ತಿನ ಕೋಟೆ, ಮೈಲಾರನ ಏಳುಕೋಟಿ, ಮಾದಪ್ಪನ ಎಪ್ಪತ್ತೇಳು ಮಲೆ, ಎಲ್ಲವೂ ಆ ಜಾತಿಯವು. ಆದರೆ ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆಯುವವರು ತಾಯಂದಿರು. ಬಾದಾಮಿಯ ಚಾಳುಕ್ಯರು ತಮ್ಮ ಶಾಸನಗಳಲ್ಲಿ ತಾವು ಸಪ್ತಮಾತೃಕೆಯರಿಂದ ಪೋಷಿತರಾದವರೆಂದು ಹೇಳಿಕೊಂಡರು. ಐಹೊಳೆಯ ರಾವಳಫಡಿ ಗುಹೆಯಲ್ಲಿ ನರ್ತಿಸುವ ಶಿವನ ಸಂಗಡ ಅವರು ಎತ್ತರವಾದ ಕಿರೀಟಗಳನ್ನು ಧರಿಸಿ ನಿಂತಿದ್ದಾರೆ. ವೈಟ್‌ಫೀಲ್ಡಿನ ಆಚೆ ಹೊಸಕೋಟೆಯನ್ನು ದಾಟಿ ಹೋದರೆ ಕೋಲಾರದಲ್ಲಿ ಕೋಲಾರಮ್ಮನ ಗುಡಿ, ಅಲ್ಲಿಯೂ ಸಪ್ತಮಾತೃಕೆಯರು. ಇಂಥ ಫಲಕಗಳ ಮುಂದೆ ನಿಂತು ಎಣಿಸಿದರೆ ಎಷ್ಟೋ ವೇಳೆ ಒಂಬತ್ತು ಮೂರ್ತಿಗಳು ಸಿಕ್ಕುತ್ತವೆ, ಏಕೆಂದರೆ ಒಂದು ತುದಿಗೆ ವೀರಭದ್ರ, ಇನ್ನೊಂದು ತುದಿಗೆ ಗಣಪತಿ ಕಾವಲಿರುತ್ತಾರೆ. ಎಣಿಸಿದವರ ಬಾಯಲ್ಲಿ ಬರುವ ಹೆಸರು ಸಪ್ತಮಾತೃಕೆಯೆಂದೇ.

ಇವರು ಶಾಸ್ತ್ರದ ತಾಯಂದಿರು. ಊರಿನ ತಾಯಂದಿರ ಕಥೆ ಇನ್ನೂ ಸ್ವಾರಸ್ಯವಾದದ್ದು. ಮದರಾಸಿನ ಬಿಷಪ್ಪರಾಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತು 1916ರಲ್ಲಿ ಪುಸ್ತಕ ಬರೆದರು. ಮೈಸೂರಿನ ಏಳು ಮಂದಿ ಅಕ್ಕತಂಗಿಯರೆಂದು ಅವರು ಕೊಡುವ ಪಟ್ಟಿಯಲ್ಲಿ ಬಿಸಿಲು ಮಾರಿ, ವೀರನಗೆರೆ ಮಾರಿ, ಉತ್ತನಹಳ್ಳಿ ಅಮ್ಮ, ಚಾಮುಂಡೇಶ್ವರಿ ಮೊದಲಾದವರಿದ್ದಾರೆ. ಬೆಂಗಳೂರಿನ ಅಣ್ಣಮ್ಮನ ಗುಡಿಯಲ್ಲಿಯೂ ಏಳು ಮಂದಿಯನ್ನೇ ಅವರು ಹೆಸರಿಸುತ್ತಾರೆ. ಆದರೆ ಹೆಸರುಗಳು ಪೂರ್ತಿಯಾಗಿ ಬೇರೆ. ಒಬ್ಬಳು ವಾಂತಿಭೇದಿಗೆ, ಒಬ್ಬಳು ಕೆಮ್ಮಿಗೆ, ಒಬ್ಬಳು ಕತ್ತಿನ ಬಾವಿಗೆ, ಒಬ್ಬಳು ದಡಾರಕ್ಕೆ. ಊರಿನ ಸಂಕಟ ಯಾವುದೋ ತಾಯಿಯ ಹೆಸರೂ ಅದೇ. ಏಳು ಪೀಠಗಳು ಮಾತ್ರ ಮೊದಲೇ ಸಿದ್ಧವಾಗಿದ್ದುವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆ ಭಯಕ್ಕೆ ಸರಿಹೊಂದುವ ತಾಯಿ ಏಳರಲ್ಲಿ ಇರಲಿಲ್ಲ. ಆಗ ಅವರು ಏನು ಮಾಡಿದರು ಬಲ್ಲೆಯಾ? ಏಳರೊಳಗೆ ಬಲವಂತವಾಗಿ ಹೊಂದಿಸಲೂ ಇಲ್ಲ, ಇದ್ದವರಲ್ಲೊಬ್ಬಳನ್ನು ಹೊರಗೆ ಹಾಕಲೂ ಇಲ್ಲ; ಪ್ಲೇಗಿನ ಅಮ್ಮನೆಂದು ಹೊಸಬಳೊಬ್ಬಳನ್ನು ಸ್ಥಾಪಿಸಿ ಕೈಮುಗಿದರು. ಪ್ಲೇಗ್ ಮಾರಮ್ಮನ ಗುಡಿ ಇಂದಿಗೂ ಈ ನಗರದಲ್ಲಿದೆ.

ಕಿರಿಯಳು: ಇದು ನನ್ನ ಮನಸ್ಸಿಗೆ ತಟ್ಟಿತು, ಮಾವ. ಓದುಬರಹವಿಲ್ಲದವರೆಂದು ನಾವು ತಿಳಿದವರು ಸಂಖ್ಯೆಯನ್ನು ಪೂಜಿಸಿದರೂ ಅದಕ್ಕೆ ಸೆರೆಯಾಗಲಿಲ್ಲ.

ಹಿರಿಯರು: ಓದುಬರಹವುಳ್ಳವರು ಕೂಡ ಎಲ್ಲ ಕಡೆಯೂ ಸೆರೆಯಾದವರಲ್ಲ. ಜೈನರ ಸಪ್ತಭಂಗಿಯನ್ನು ಕೇಳಿದ್ದೀಯಷ್ಟೆ? ಸಮಂತಭದ್ರನ ಆಪ್ತಮೀಮಾಂಸೆಯಿಂದ ಹಿಡಿದು ಶ್ರವಣಬೆಳಗೊಳದ ಪಂಡಿತರವರೆಗೆ ಅದರ ಚರ್ಚೆ ನಡೆದುಬಂದಿದೆ. ಒಂದು ವಸ್ತುವನ್ನು ಕುರಿತು ಇದೆ, ಇಲ್ಲ, ಹೇಳಲಾಗದು ಎಂಬ ಮೂರು ಮಾತುಗಳು. ಅವುಗಳ ಸಂಯೋಗದಿಂದ ಏಳು ಭಂಗಿಗಳು.

ಕಿರಿಯಳು: ಒಂದೊಂದೇ ಆದರೆ ಮೂರು, ಎರಡೆರಡು ಕೂಡಿದರೆ ಮೂರು, ಎಲ್ಲವೂ ಕೂಡಿದರೆ ಒಂದು. ಎರಡರ ಮೂರನೆಯ ಘಾತದಲ್ಲಿ ಒಂದು ಕಳೆದರೆ ಏಳು! ಇದರಲ್ಲಿ ಎಂಟನೆಯದಕ್ಕೆ ಎಡೆಯೇ ಇಲ್ಲ.

ಹಿರಿಯರು: ಎಡೆಯಿಲ್ಲ. ಆ ಉಕ್ಕಿನ ಎಳೆಗಳಂತೆ ಇದೂ ತರ್ಕದಿಂದ ತಾನಾಗಿ ಬಂದ ಏಳು. ವೈಶೇಷಿಕರ ಏಳನ್ನೂ ಗೌರವದಿಂದ ನೆನೆಯುತ್ತೇನೆ. ಕಣಾದನ ಪದಾರ್ಥಗಳು ಆರೇ ಆಗಿದ್ದುವು, ಅಭಾವವೂ ಒಂದು ಪದಾರ್ಥವೆಂದು ಒಪ್ಪಲೇಬೇಕಾಗಿ ಬಂದಾಗ ಏಳಾಯಿತು. ಯುಕ್ತಿಯಿಂದ ಬಂದ ಎಣಿಕೆಗೆ ತಲೆಬಾಗುವುದು ಧರ್ಮ.

ಕಿರಿಯಳು: ಸಪ್ತಪದಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ? ಅದಕ್ಕೆ ತರ್ಕದ ನಿರ್ಬಂಧವಿಲ್ಲ. ಆರು ಹೆಜ್ಜೆಯೂ ಇರಬಹುದಾಗಿತ್ತು.

ಹಿರಿಯರು: ಇರಬಹುದಾಗಿತ್ತು. ಆದರೆ ಮಾತು ಕೊಡುವುದಕ್ಕೆ ಒಂದು ಕೊನೆಯ ಹೆಜ್ಜೆ ಬೇಕು, ಎಲ್ಲಿಗೆ ಕೊನೆಯೆಂಬುದು ಎಲ್ಲರಿಗೂ ಮುಂಚಿತವಾಗಿ ತಿಳಿದಿರಬೇಕು. 1955ರ ಹಿಂದೂ ವಿವಾಹ ಕಾಯಿದೆ ಇದನ್ನು ಅಂಗೀಕರಿಸಿದೆ: ಸಪ್ತಪದಿ ಸೇರಿದ ವಿಧಿಯಲ್ಲಿ ಏಳನೆಯ ಹೆಜ್ಜೆಯನ್ನಿಟ್ಟಾಗ ವಿವಾಹ ಪೂರ್ಣವಾಗಿ ಬಂಧಕವಾಗುತ್ತದೆ. ಆ ಮಾತು ಬರುವುದು ಕಾಯಿದೆಯ 7ನೆಯ ಪ್ರಕರಣದಲ್ಲಿ. ಅದು ಆಕಸ್ಮಿಕವೇ ಇರಬೇಕು. ಮನುಷ್ಯರು ತಾವಾಗಿ ಒಪ್ಪಿಕೊಂಡ ಏಳು ಇದು. ಇದರಿಂದ ಸತ್ಯಕ್ಕೆ ಯಾವ ಕುಂದೂ ಇಲ್ಲ.

ಕುಂದು ಬರುವುದು, ಇದ್ದದ್ದನ್ನು ಹೇಳಬೇಕಾದ ಕಡೆ ಏಳಕ್ಕಾಗಿ ಇಲ್ಲದ್ದನ್ನು ಹೇಳಿದಾಗ. ನಿನ್ನ ಮಗ ಕನ್ನಡ ವ್ಯಾಕರಣವನ್ನು ಓದುತ್ತಿದ್ದಾನಲ್ಲ?

ಕಿರಿಯಳು: ಓದುತ್ತಿದ್ದಾನೆ; ವಿಭಕ್ತಿಗಳ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದಾನೆ. ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಬರೆಯಬೇಕೆ ಅಮ್ಮ ಎಂದು ಕೇಳಿದ. ಮನೆಯಲ್ಲಿ, ಅಂಗಡಿಯಲ್ಲಿ, ಕಂಪನಿಯ ಬಸ್ಸಿನಲ್ಲಿ ಎಲ್ಲಿಯೂ ಅವನು ಅಂಥ ಮಾತನ್ನು ಕೇಳಿಲ್ಲ. ಚಾಕುವಿನಿಂದ ಹೆಚ್ಚಿದೆ, ಮರದಿಂದ ಬಿತ್ತು, ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಪ್ರತ್ಯಯ.

ಹಿರಿಯರು: ಕನ್ನಡದಲ್ಲಿ ಅದು ಒಂದೇ. ಸಂಸ್ಕೃತದಲ್ಲಿ ವಿಭಕ್ತಿಗಳು ಏಳಾಗಿದ್ದುದರಿಂದ, ಆ ಶಾಸ್ತ್ರದ ಅಚ್ಚಿನಲ್ಲಿ ಕನ್ನಡವನ್ನು ಎರೆಯಲು ಹೊರಟ ನಮ್ಮ ವೈಯಾಕರಣರು ಐದನೆಯ ಮನೆಯನ್ನು ಬರಿದಾಗಿ ಬಿಡಲಾರದೆ ಹೋದರು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಆ ಮನೆಗೆ ಬಂದದ್ದು ‘ಅತ್ತಣಿಂ’. ಹೊಸಗನ್ನಡದ ಪಾಠಪುಸ್ತಕಗಳಲ್ಲಿ ಬಂದದ್ದು ‘ದೆಸೆಯಿಂದ’. ಎರಡನ್ನೂ ಬಿಡಿಸಿ ನೋಡು: ಒಳಗೆ ತೃತೀಯೆಯ ಪ್ರತ್ಯಯವೇ ಕುಳಿತಿದೆ. ಕೇಶಿರಾಜ ಮಹಾಮೇಧಾವಿ, ಕನ್ನಡದ ಪ್ರಯೋಗಗಳನ್ನು ಅವನಷ್ಟು ಪ್ರೀತಿಯಿಂದ ಆರಿಸಿಟ್ಟವರು ವಿರಳ. ಅಂಥವನ ಕೈಯಿಂದಲೂ ಏಳರ ಆಕರ್ಷಣೆ ಈ ಕೆಲಸವನ್ನು ಮಾಡಿಸಿತು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಪುಸ್ತಕವನ್ನೇ ಬರೆದು ಬಹುಕಾಲ ವಾದಿಸಿದರು. ಅವರ ಎಲ್ಲ ಸಲಹೆಗಳೂ ನನಗೆ ಒಪ್ಪಿಗೆಯಾಗಿಲ್ಲ. ಕನ್ನಡವನ್ನು ಕನ್ನಡವಾಗಿ ನೋಡಬೇಕೆಂಬ ಮೂಲದ ಮಾತು ಮಾತ್ರ ನಿರ್ವಿವಾದವಾದದ್ದು.

ಕಿರಿಯಳು: ಪ್ಲೇಗಿನ ವರ್ಷ ಆ ಜನ ಏಳಕ್ಕೆ ಎಂಟನೆಯದನ್ನು ಸೇರಿಸಬಲ್ಲವರಾದರೆ, ನಾವು ಏಳರಿಂದ ಒಂದನ್ನು ಕಳೆಯಲಾರೆವೆ? ಮಗನಿಗೆ ನಾನು ಏನು ಹೇಳಲಿ?

ಹಿರಿಯರು: ಪರೀಕ್ಷೆಗೆ ಪುಸ್ತಕದಲ್ಲಿರುವಂತೆ ಬರೆಯಲಿ, ಅಂಕ ಹೋಗುವುದು ಬೇಡ. ಆದರೆ ಅವನು ಕೇಳಿದ ಪ್ರಶ್ನೆ ಸರಿಯಾದದ್ದೆಂದು ಇಂದೇ ಹೇಳು. ಪಾಠಪುಸ್ತಕವನ್ನು ರಚಿಸುವ ವಿದ್ವಾಂಸರು ಮುಂದಿನ ಮುದ್ರಣದಲ್ಲಿ ಪಂಚಮಿಯನ್ನು ತೃತೀಯೆಯ ಜೊತೆಗೆ ಸೇರಿಸಿ, ಕನ್ನಡದಲ್ಲಿ ಇವೆರಡಕ್ಕೂ ಪ್ರತ್ಯಯ ಒಂದೇ ಎಂದು ಒಂದು ಸಾಲು ಬರೆಯಲಿ. ಏಳು ವಿಭಕ್ತಿಗಳ ಹೆಸರನ್ನು ಸಂಸ್ಕೃತ ಕಲಿಯುವ ತರಗತಿಯಲ್ಲಿ ಕಲಿಸಲಿ. ಈ ಮಾತನ್ನು ಶಾಲೆಯ ಕನ್ನಡ ಮೇಷ್ಟರಿಗೆ ನೀನು ಪತ್ರದಲ್ಲಿ ಬರೆದು ತಿಳಿಸು. ನಾನೂ ಸಹಿ ಹಾಕುತ್ತೇನೆ.